ಬೆಳ್ಳಗಾಗದ ಔಷಧಿ

ಮುಸರತ್ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ನೆನಪಾಗುವುದು ಅವಳ ಮೇಲೆ ಬಂದ ಸಿಟ್ಟು. ಹರಿಹರದಿಂದ ದಾವಣಗೆರೆಗೆ ದಿನಾ ಒಂದೇ ಬಸ್ಸಿಗೆ ಓಡುವವರು ನಾವು. ಇಬ್ಬರಿಗೂ ಒಂದೇ ಫಾರ್ಮಸಿ ಕಾಲೇಜು, ಒಂದೇ ಮಹಡಿ. ಅವಳು ಔಷಧಿ ತಯಾರಿಸುವುದನ್ನು ಕಲಿಸುವ ಮೇಡಂ. ನಾನು ಯಶೋದಾ, ತಯಾರಾದ ಔಷಧಿಯನ್ನು ಯಂತ್ರಕ್ಕೆ ಹಾಕಿ ಅದರಲ್ಲಿ ಏನಿದೆ, ಎಷ್ಟಿದೆ ಎಂದು ಅಳೆಯುವವಳು. ಅವಳದು ಅಡುಗೆ, ನನ್ನದು ಉಪ್ಪು ಖಾರ ನೋಡುವ ಕೆಲಸ ಎಂದುಕೊಳ್ಳಿ. ಬಸ್ಸು ತಡವಾದರೆ ನಾನು ಡಿಪೋದವರ ಜನ್ಮ ಜಾಲಾಡುತ್ತೇನೆ, ಅವಳು ಬ್ಯಾಗಿನಿಂದ ಖರ್ಜೂರ ತೆಗೆದು ನನ್ನ ಕೈಗಿಡುತ್ತಾಳೆ. ಬಾಯಲ್ಲಿ ಖರ್ಜೂರ ಇಟ್ಟುಕೊಂಡು ಬೈಯುವುದು ಕಷ್ಟ. ಅದು ಅವಳಿಗೆ ಚೆನ್ನಾಗಿ ಗೊತ್ತು.

ವಯಸ್ಸು ನಲವತ್ತರ ಆಸುಪಾಸು. ತಂದೆ ಹರಿಹರದ ಪೇಟೆಯಲ್ಲಿ ಕುಕ್ಕರ್, ಸ್ಟೌ ರಿಪೇರಿ ಮಾಡುತ್ತಿದ್ದರು, ಈಗಿಲ್ಲ. ತಾಯಿ ದಿಲ್ಷಾದ್ ಬೇಗಂ ಜೊತೆ ಅದೇ ಹಳೇ ಮನೆಯಲ್ಲಿದ್ದಾಳೆ. ಮೆತ್ತಗಿನ ಮಾತು, ಕಬ್ಬಿಣದ ಹಟ. ಯಾವ ಬಾಟಲಿ ಕಂಡರೂ ಅಲ್ಲಾಡಿಸುವುದು ಅವಳ ಚಾಳಿ. ಬಸ್ಸಿನಲ್ಲಿ ಪಕ್ಕದವರ ಮಜ್ಜಿಗೆ ಬಾಟಲಿಯನ್ನೂ ಇಸಿದುಕೊಂಡು ಅಲ್ಲಾಡಿಸಿ ಕೊಟ್ಟವಳು. ಒಮ್ಮೆ ನನ್ನ ಸೋಡಾ ಬಾಟಲಿಗೂ ಅದೇ ಉಪಚಾರ ಮಾಡಿದಳು. ಮುಚ್ಚಳ ತೆಗೆದಾಗ ನನ್ನ ಇಸ್ತ್ರಿ ಸೀರೆಗೆ ಅಭಿಷೇಕವಾಯಿತು. ಕೇಳಿದರೆ, "ತಳದಾಗೆ ಏನಾರ ಕುಂತಿರ್ತೈತೆ ಅಂತ ಯಶೋದಕ್ಕ" ಅಂದಳು. ಸೋಡಾದ ತಳದಲ್ಲಿ ಏನು ಕೂತಿರುತ್ತದೆ, ನೀವೇ ಹೇಳಿ.

ಈ ಚಾಳಿ ಅಂಟಿದ್ದು ಕುರಿಗಳಿಂದ. ಮಾಯಕೊಂಡದ ಪಶುವೈದ್ಯ ಡಾಕ್ಟರ್ ಶಿವಮೂರ್ತಿ ಒಮ್ಮೆ ನಮ್ಮ ಕಾಲೇಜಿಗೆ ಭಾಷಣಕ್ಕೆ ಬಂದಿದ್ದರು. ಜಂತುಹುಳುವಿಗೆ ಕುಡಿಸುವ ಔಷಧಿಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅಲ್ಬೆಂಡಜೋಲ್ ಎಂಬ ಆ ಪುಡಿ ನೀರಿನಲ್ಲಿ ಕರಗುವುದಿಲ್ಲ, ಬೆಳ್ಳಗೆ ತೇಲಾಡಿಕೊಂಡಿರುತ್ತದೆ, ಬಾಟಲಿಯನ್ನು ಸುಮ್ಮನಿಟ್ಟರೆ ತಳಕ್ಕೆ ಇಳಿಯುತ್ತದೆ. ಇದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಅವರು ಮುಂದೆ ಹೇಳಿದ್ದು ಬೇರೆ.

"ಕುರಿಯೋರು ಒಂದ್ಸಲ ಬಾಟ್ಲಿ ಅಲ್ಲಾಡಿಸ್ತಾರೆ, ಆಮೇಲೆ ಮರೀತಾರೆ. ಹಿಂಡಿನಾಗೆ ಮೊದ್ಲು ಕೈಗೆ ಸಿಗೋದು ಯಾವುದು ಹೇಳ್ರಿ? ಓಡಾಕೆ ಆಗದ ಬಡಕಲು ಮರಿ. ಅದಕ್ಕೆ ಮೇಲಿನ ತೆಳು ನೀರು. ಗಟ್ಟಿಮುಟ್ಟಾದ ಟಗರು ಓಡಿ ಓಡಿ ಕೊನೀಗೆ ಸಿಗ್ತೈತೆ. ತಳದ ಗಟ್ಟಿ ಔಷಧಿ ಎಲ್ಲಾ ಅದಕ್ಕೆ. ಯಾವುದಕ್ಕೆ ಬೇಕೋ ಅದಕ್ಕೆ ಸಿಗಲ್ಲ ನೋಡ್ರಿ."

ಸಭೆ ನಕ್ಕಿತು. ಮುಸರತ್ ನಗಲಿಲ್ಲ. ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಖರ್ಜೂರವನ್ನೂ ಕೊಡಲಿಲ್ಲ. ಹರಿಹರ ಬಂದಾಗ ಎದ್ದು ನಿಂತು, "ನೀರಿನಾಗೆ ಪೂರ್ತಿ ಕರಗಂಗೆ ಮಾಡ್ತೀನಿ. ಮೊದ್ಲನೇ ಮರಿಗೂ ಕೊನೇ ಟಗರಿಗೂ ಒಂದೇ ಆಗ್ಬೇಕು" ಅಂದಳು. ಪಿಎಚ್.ಡಿ.ಗೆ ವಿಷಯ ಹುಡುಕುತ್ತಿದ್ದವಳಿಗೆ ವಿಷಯ ಸಿಕ್ಕಿತು, ನನಗೆ ತಲೆನೋವು ಸಿಕ್ಕಿತು.

ಮಾಡಿದಳು, ನಿಜಕ್ಕೂ ಮಾಡಿದಳು. ಆ ಔಷಧಿಗೆ ಹುಳಿ ಕಂಡರೆ ಪ್ರೀತಿ. ಹಾಗಾಗಿ ಒಂದು ಸೌಮ್ಯ ಆಮ್ಲದ ಜೊತೆ ಸೇರಿಸಿ, ಹದ ನೋಡಿ, ಕೆಡಿಸಿ, ಮತ್ತೆ ಮಾಡಿ, ಕೊನೆಗೆ ಒಂದು ದಿನ ಗಾಜಿನ ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟಳು. ಒಳಗೆ ಬರೀ ನೀರಿದ್ದಂತಿತ್ತು. ಯಂತ್ರಕ್ಕೆ ಹಾಕಿದೆ. ಔಷಧಿ ಪೂರಾ ಇತ್ತು, ಮೇಲೂ ಅಷ್ಟೇ, ತಳದಲ್ಲೂ ಅಷ್ಟೇ. ಕುರಿಗೆ ಕುಡಿಸುವಾಗ ಈ ಗಟ್ಟಿ ದ್ರಾವಣಕ್ಕೆ ಊರಿನ ನೀರು ಬೆರೆಸಬೇಕಲ್ಲ, ಅದಕ್ಕೆ ಮನೆಯ ನಲ್ಲಿ ನೀರಿನಲ್ಲೂ ಬೆರೆಸಿ ನೋಡಿದಳು. ಅಲ್ಲೂ ತಿಳಿಯಾಗಿಯೇ ಉಳಿಯಿತು. ಹರಿಹರದ ಜನಕ್ಕೆ ನಮ್ಮ ತುಂಗಭದ್ರೆಯ ನೀರೆಂದರೆ ವಿಪರೀತ ಜಂಬ. ದಾವಣಗೆರೆಯ ಬೆಣ್ಣೆ ದೋಸೆಯನ್ನು ಹೊಗಳಿದರೂ, ಆ ಹಿಟ್ಟು ನಮ್ಮ ಹೊಳೆ ನೀರಿನಲ್ಲಿ ರುಬ್ಬಿದ್ದರೆ ಹೇಗಿರುತ್ತಿತ್ತು ಅಂತ ಒಂದು ಮಾತು ಸೇರಿಸುವವರು ನಾವು. ಆ ನೀರಿನಲ್ಲಿ ಪಾಸಾದ ಮೇಲೆ ಇನ್ನೇನು ಅನುಮಾನ ಎಂದು ಮುಸರತ್ ತಿಳಿದಳು.

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸಮಿತಿಯ ಅನುಮತಿ ಬಂತು, ಆ ವರ್ಷದ ಮಳೆಗಾಲ ಮುಗಿಯುವವರೆಗೆ ಮಾತ್ರ. ಮಳೆ ಬಿದ್ದು ಹಸಿರು ಚಿಗುರಿದಾಗಲೇ ಹುಳುಗಳ ಹಾವಳಿ ಜಾಸ್ತಿ. ಶಿವಮೂರ್ತಿಯವರು ಮಾಯಕೊಂಡದ ಮಾರೆಮ್ಮ ಎಂಬಾಕೆಯನ್ನು ಒಪ್ಪಿಸಿದ್ದರು. ಗಂಡ ಹೋದ ಮೇಲೆ ಹಿಂಡನ್ನು ಒಬ್ಬಳೇ ಬೆಳೆಸಿದ ಹೆಂಗಸು. ಮಾತು ಚಾಟಿ. ಬೇರೆ ಯಾರೂ ಕಾಲೇಜಿನವರಿಗೆ ಕುರಿ ಕೊಡಲು ಒಪ್ಪಿರಲಿಲ್ಲ. ಇದು ತಪ್ಪಿದರೆ ಮುಸರತ್‌ಗೆ ಮತ್ತೊಂದು ಹಿಂಡಿಲ್ಲ, ಮತ್ತೊಂದು ಅನುಮತಿಯೂ ಇಲ್ಲ. ಇಷ್ಟು ವರ್ಷದ ಕೆಲಸ ಬಾಟಲಿಯಲ್ಲೇ ಉಳಿಯುತ್ತಿತ್ತು.

ಮಳೆ ಶುರುವಾಗುವ ಮುಂಚೆಯೇ ಒಮ್ಮೆ ಕುಡಿಸಲು ಅವಳು ಹೊರಟಾಗ ನಾನೂ ಜೊತೆಗೆ ಹೋದೆ. ಮಾರೆಮ್ಮ ಬೆಳಿಗ್ಗೆಯಿಂದ ಹಿಂಡನ್ನು ಮೇಯಲು ಬಿಡದೆ ಮುಳ್ಳುಬೇಲಿಯ ರೊಪ್ಪದಲ್ಲೇ ಕೂಡಿಹಾಕಿದ್ದಳು. ಸುತ್ತಮುತ್ತಲಿನ ಕುರಿಯವರೂ ತಮಾಷೆ ನೋಡಲು ಬಂದಿದ್ದರು. ಮುಸರತ್ ಬಾಟಲಿ ತೆಗೆದಳು. ಯಾರೋ ಹಿಂದಿನಿಂದ, "ಇದು ಬರೀ ನೀರೈತಲ್ಲೋ" ಅಂದರು. ಅವಳು ನಕ್ಕು, ಕೊಡದಿಂದ ನೀರು ಬಗ್ಗಿಸಿಕೊಂಡು, ಅಳತೆ ಮಾಡಿ ಔಷಧಿ ಸುರಿದಳು.

ನೀರು ಒಂದು ಕ್ಷಣ ಮಸುಕಾಯಿತು. ಮರುಕ್ಷಣ ಹಾಲು ಕಾಯಿಸಿಟ್ಟಂತೆ ಬೆಳ್ಳಗಾಯಿತು.

ಮುಸರತ್ ಮುಖದ ಬಣ್ಣವೂ ಹಾಗೇ ಆಯಿತು. ಆದರೆ ಸುತ್ತ ನಿಂತವರ ಸಂಭ್ರಮ ನೋಡಬೇಕಿತ್ತು. "ಎಲಾ ಇದರ! ನೀರು ಹಾಲಾತಲ್ಲಪ್ಪ!" ಅಂತ ಒಬ್ಬ ಚಪ್ಪಾಳೆ ಹೊಡೆದ. ಮಾರೆಮ್ಮ ಬಗ್ಗಿ ನೋಡಿ, "ಈಗ ನೋಡು ತಾಯಿ, ಔಷ್ದಿ ಅಂದ್ರೆ ಔಷ್ದಿ ಇದ್ದಂಗೈತೆ. ಮೊದ್ಲು ನಂಗೂ ನಂಬಿಕಿ ಇರ್ಲಿಲ್ಲ" ಅಂದಳು. ನಾಲ್ಕು ವರ್ಷ ಬೆಳ್ಳಗಾಗದಿರಲಿ ಎಂದು ಒದ್ದಾಡಿದವಳಿಗೆ ಬೆಳ್ಳಗಾದದ್ದಕ್ಕೆ ಶಹಭಾಸ್‌ಗಿರಿ. ನನಗೆ ಅಳಬೇಕೋ ನಗಬೇಕೋ ತಿಳಿಯದೆ ನಗುವೇ ಬಂತು.

ಶಿವಮೂರ್ತಿಯವರು ಮೆಲ್ಲಗೆ, "ಪೇಟೆ ಔಷಧಿಯಂಗೆ ಆಗೈತೆ ಅಷ್ಟೆ, ಮೇಡಂ. ಕೊಟ್ಟೇಬಿಡಾಣ?" ಅಂದರು.

"ಬ್ಯಾಡ್ರಿ ಡಾಕ್ಟ್ರೇ. ಇದರಾಗೂ ಮೊದ್ಲನೇ ಮರಿಗೆ ತೆಳುನೀರೇ ಹೋಗ್ತೈತೆ. ಹಂಗಾದ್ರೆ ನಾನ್ಯಾಕ ಬಂದೆ?"

ಔಷಧಿ ಕೆಟ್ಟಿದೆ, ಇವತ್ತು ಕೊಡುವುದಿಲ್ಲ ಎಂದು ಕೇಳಿದ ಮಾರೆಮ್ಮ ಕೆಂಡವಾದಳು. "ದನಕರು ಮೇಯಾ ಹೊತ್ತಿನಾಗೆ ನನ್ನ ಕುರಿ ಉಪಾಸ ಕೆಡವೀನಿ. ಔಷ್ದಿ ಚಲೋ ಆಗೈತೆ ಅಂತ ಊರೇ ಹೇಳ್ತೈತೆ, ಈಕಿ ಕೆಟ್ಟೈತೆ ಅಂತಾಳೆ! ಓದಿದೋರಿಗೆ ಭಾಳ ಓದಿಸಬಾರ್ದಪ್ಪ." ಅವಳ ಸಿಟ್ಟು ನ್ಯಾಯವಾಗಿಯೇ ಇತ್ತು. ಮುಸರತ್ ಕೈ ಮುಗಿದು ತಪ್ಪಾಯಿತು ಅಂದಳು. ನನಗೆ ಸಿಟ್ಟು ಬಂದದ್ದು ಇಲ್ಲೇ. ಆ ಬಿಸಿಲಿನಲ್ಲಿ, ಅಷ್ಟು ಜನರೆದುರು, ತಾನೊಬ್ಬಳೇ ಸೋತೆ ಎಂದು ಒಪ್ಪಿಕೊಳ್ಳುವ ದರ್ದು ಏನಿತ್ತು? ಸುಮ್ಮನೆ ಕುಡಿಸಿ ಬಂದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಹಾಗಂತ ಬೈದೆ ಕೂಡ. ಅವಳು ಕೈಗಂಟಿದ ಬಿಳಿಯನ್ನು ತೊಳೆಯಲು ಕೂತಳು. ಎಷ್ಟು ಉಜ್ಜಿದರೂ ಸೋಪು ನೊರೆ ಬರಲಿಲ್ಲ.

"ನಿಮ್ಮ ನೀರಿಗೆ ನೊರೆ ಬರಂಗಿಲ್ಲೇನಮ್ಮ?" ಎಂದು ಕೇಳಿದಳು.

"ಬೋರಿನ ನೀರು ತಾಯಿ, ಬೇಳೇನೇ ಬೇಯಲ್ಲ. ಇನ್ನ ನೊರೆ ಎಲ್ಲಿಂದ ಬಂದೀತು?" ಅಂದಳು ಮಾರೆಮ್ಮ, ಇನ್ನೂ ಮುನಿದುಕೊಂಡೇ.

ಮುಸರತ್ ಕೈ ಹಾಗೇ ನಿಂತಿತು. ಬಸ್ಸು ಹತ್ತಿದ ಮೇಲೆ ಅವಳೇ ಬಾಯಿಬಿಟ್ಟಳು. "ನೀರು ಅಂದ್ರೆ ನಮ್ಮ ಹೊಳೆ ನೀರು ಅಂತ ತಿಳ್ಕೊಂಡುಬಿಟ್ಟೆ ಅಕ್ಕ. ಇಲ್ಲಿ ನೀರಿನಾಗೆ ಸುಣ್ಣ ತುಂಬೇತಿ. ಹುಳಿನೆಲ್ಲ ಅದು ನುಂಗಿಹಾಕ್ತು, ಔಷಧಿ ಹೊರಗ ಬಿತ್ತು." ಹರಿಹರದವರು ಮಾತ್ರ ಮಾಡಬಹುದಾದ ತಪ್ಪು ಅದು. ನಮಗೆ ಊರಿನ ನೀರು ಸಿಹಿ, ಅದಕ್ಕೇ ಜಗತ್ತಿನ ನೀರೆಲ್ಲ ಸಿಹಿ.

ಕಾಲೇಜಿನಲ್ಲಿ ಪ್ರಾಂಶುಪಾಲರು ಒಳ್ಳೆಯ ಮಾತಿನಲ್ಲೇ ಹೇಳಿದರು. "ಡಿಸ್ಟಿಲ್ಡ್ ವಾಟರ್‌ನಾಗೆ ಕರಗೈತಲ್ಲಮ್ಮ, ಅಷ್ಟಕ್ಕೇ ಬರ್ದು ಮುಗಿಸ್ಬಿಡ್ರಿ. ಪಿಎಚ್.ಡಿ. ಬರ್ತೈತೆ."

"ಕುರಿ ಡಿಸ್ಟಿಲ್ಡ್ ವಾಟರ್ ಕುಡಿಯಲ್ಲ ಸರ್" ಅಂದಳು ಮುಸರತ್. ಮೆತ್ತಗಿನ ಮಾತು ಅಂದೆನಲ್ಲ, ಹೀಗೆ.

ಅಲ್ಲಿಂದ ಶುರುವಾಯಿತು ನೀರು ಹೊರುವ ಕೆಲಸ. ಪುರುಸೊತ್ತು ಸಿಕ್ಕಾಗೆಲ್ಲ ಮಾಯಕೊಂಡಕ್ಕೆ ಹೋಗಿ ಮಾರೆಮ್ಮನ ಬೋರಿನ ನೀರನ್ನು ಕ್ಯಾನಿನಲ್ಲಿ ತುಂಬಿಸಿಕೊಂಡು ಬರುವುದು. ಅರ್ಧ ಕಾಲೇಜಿಗೆ, ಅರ್ಧ ಮನೆಗೆ, ರಜೆಯಲ್ಲೂ ಬೆರೆಸಿ ನೋಡಲು. ಹರಿಹರದ ಬಸ್ಸಿನ ಕಂಡಕ್ಟರ್‌ಗೆ ಇದಕ್ಕಿಂತ ದೊಡ್ಡ ಮನರಂಜನೆ ಬೇಕೇ? "ಏನ್ರೀ ಮೇಡಂ, ಹೊಳೆ ದಂಡೆ ಊರಿಗೆ ನೀರು ಒಯ್ಯಾಕತ್ತೀರಲ್ಲ, ಹೊಳೆ ಬತ್ತೈತೇನು?" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಕ್ಯಾನಿಗೆ ಲಗೇಜು ಹಾಕುತ್ತೇನೆಂದು ಹೆದರಿಸಿದಾಗ ನಾನೇ ಎದ್ದು ನಿಂತು ಮಾತಾಡಿದೆ. ಅಂದಿನಿಂದ ಅವನು ನಮ್ಮಿಬ್ಬರ ನಡುವಿನ ಕ್ಯಾನಿಗೂ ಗೌರವ ಕೊಡತೊಡಗಿದ.

ಮನೆಯಲ್ಲಿ ಇನ್ನೊಂದು ರಂಪ. ದಿಲ್ಷಾದ್ ಬೇಗಂ ಅಡುಗೆಮನೆಯಲ್ಲಿದ್ದ ಕ್ಯಾನನ್ನು ಮಗಳು ತಂದ ಕುಡಿಯುವ ನೀರೆಂದುಕೊಂಡು ಅದರಲ್ಲಿ ಬೇಳೆ ಇಟ್ಟಿದ್ದಾರೆ. ಕುಕ್ಕರ್ ಸೀಟಿ ಹೊಡೆದದ್ದೇ ಹೊಡೆದದ್ದು, ಬೇಳೆ ಜಪ್ಪಯ್ಯ ಅನ್ನಲಿಲ್ಲ. ಕುಕ್ಕರ್ ರಿಪೇರಿಯವರ ಮನೆಯ ಕುಕ್ಕರ್ ಕೆಡುವುದುಂಟೇ? ಹಾಗಾಗಿ ತಪ್ಪು ಬೇಳೆಯದೇ ಎಂದು ತೀರ್ಮಾನಿಸಿ, ಬೆಂದೂ ಬೇಯದ ಬೇಳೆಯನ್ನು ಪಾತ್ರೆ ಸಮೇತ ಕಿರಾಣಿ ಅಂಗಡಿಗೆ ಒಯ್ದು ಜಗಳ ತೆಗೆದಿದ್ದರು. ನಾವು ಬಸ್ಸಿಳಿದು ಬರುವಾಗ ಅಂಗಡಿ ಮುಂದೆ ಜಾತ್ರೆಯಷ್ಟು ಜನ.

"ಬೇಟಿ, ಇವ್ನು ನಂಗೆ ಕಲ್ಲು ಕೊಟ್ಟಾನೆ ನೋಡು!"

ಮುಸರತ್ ಪಾತ್ರೆ ನೋಡಿದಳು, ವಿಷಯ ಹೊಳೆಯಿತು. ಬೀದಿಯಲ್ಲೇ ತಾಯಿಯ ಕೊರಳು ತಬ್ಬಿಕೊಂಡು ಬಿದ್ದು ಬಿದ್ದು ನಕ್ಕಳು. "ಬೇಳೇದು ತಪ್ಪಿಲ್ಲ ಅಮ್ಮಿ, ಮಾಯಕೊಂಡದ ನೀರು ಅದು!" ಕಿರಾಣಿಯವನಿಗೆ ಕ್ಷಮೆ ಕೇಳಿದ್ದು ನಾನು. ದಿಲ್ಷಾದ್ ಬೇಗಂ ಕೇಳುವವರಲ್ಲ.

ನಗು ಅಷ್ಟಕ್ಕೇ. ಕೆಲಸ ಮಾತ್ರ ಮುಂದೆ ಸರಿಯುತ್ತಿರಲಿಲ್ಲ. ಹುಳಿ ಹೆಚ್ಚಿಸಿದರೆ ಮರಿಗಳ ಬಾಯಿ ಸುಡುತ್ತದೆ, ಕಡಿಮೆ ಮಾಡಿದರೆ ಬೋರಿನ ನೀರು ನುಂಗುತ್ತದೆ. ಕೊನೆಗೆ ಹುಳಿಯ ದಾರಿಯನ್ನೇ ಬಿಟ್ಟಳು. ಪಿಷ್ಟದಿಂದ ತಯಾರಿಸುವ ಒಂದು ಜಾತಿಯ ಸಕ್ಕರೆ ಇದೆ, ಉದ್ದಿನ ವಡೆಯ ಹಾಗೆ ಅದರ ಕಣಕ್ಕೆ ನಡುವೆ ತೂತು. ನೀರಿಗೆ ಹೆದರುವ ಔಷಧಿಯನ್ನು ಆ ತೂತಿನೊಳಗೆ ಕೂರಿಸಿದರೆ ಹೊರಗಿನ ಸಕ್ಕರೆ ನೀರಿನಲ್ಲಿ ಕರಗಿಕೊಂಡು ಅದನ್ನೂ ಹೊತ್ತೊಯ್ಯುತ್ತದೆ. ಸುಣ್ಣಕ್ಕೆ ಅಲ್ಲಿ ಕೆಲಸವಿಲ್ಲ. ಹೇಳುವುದು ಸುಲಭ. ಮೊದಲ ಸಲ ಅರ್ಧವೇ ಕೂತಿತು, ಮತ್ತೊಮ್ಮೆ ಸಂಜೆಯವರೆಗೆ ತಿಳಿಯಾಗಿದ್ದು ಬೆಳಿಗ್ಗೆ ತಳದಲ್ಲಿ ಬೂದಿಯಂತೆ ಇಳಿದಿತ್ತು. ಅವತ್ತು ಮಾತ್ರ ಅವಳು ನನ್ನ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಅತ್ತಳು. ಹೊರಗೆ ಮುಂಗಾರಿನ ಮೊದಲ ಮಳೆ ಸುರಿಯುತ್ತಿತ್ತು, ಮಾಯಕೊಂಡದಲ್ಲೂ ಸುರಿಯುತ್ತಿದ್ದಿರಬೇಕು. ನಾನು ಬೈಯಲಿಲ್ಲ. ಅವಳ ಬ್ಯಾಗಿನಿಂದಲೇ ಖರ್ಜೂರ ತೆಗೆದು ಅವಳ ಕೈಗಿಟ್ಟೆ.

ಸಕ್ಕರೆಯ ಜೊತೆ ಇನ್ನೊಂದು ಅಂಟು ಪದಾರ್ಥವನ್ನು ಚಿಟಿಕೆಯಷ್ಟು ಸೇರಿಸಿದ ಮೇಲೆ ಔಷಧಿ ನಿಂತಿತು. ಮಾಯಕೊಂಡದ ನೀರಿನಲ್ಲಿ ನಿಂತಿತು. ಒಂದು ದಿನ, ಎರಡು ದಿನ, ವಾರ ಕಳೆದರೂ ತಿಳಿಯಾಗಿಯೇ ಉಳಿಯಿತು. ನಾನು ಅಳೆದೆ, ಸರಿಯಿತ್ತು. ಖುಷಿಗೆ ಇಬ್ಬರೂ ಮಂಡಕ್ಕಿ ಮಿರ್ಚಿ ತಿಂದು ಹೊಟ್ಟೆ ಕೆಡಿಸಿಕೊಂಡೆವು. ಬದಲಾದ ಔಷಧಿಗೆ ಸಮಿತಿಯ ಒಪ್ಪಿಗೆಯನ್ನೂ ಮುಸರತ್ ಓಡಾಡಿ ತಂದಳು.

ಎರಡನೇ ಸಲ ರೊಪ್ಪದ ಮುಂದೆ ನಿಂತಾಗ ಮಳೆಗಾಲ ಜೋರಾಗಿತ್ತು. ಮರಿಗಳು ಹುಳು ಬಿದ್ದು ಸೋತಿದ್ದವು, ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬಿ ಬಾತಿತ್ತು. ಮುಸರತ್ ಅದೇ ಕೊಡದ ನೀರಿಗೆ ಔಷಧಿ ಸುರಿದಳು. ಏನೂ ಆಗಲಿಲ್ಲ. ನೀರು ನೀರಾಗಿಯೇ ಉಳಿಯಿತು. ನಾನು ನಿಟ್ಟುಸಿರು ಬಿಟ್ಟೆ.

ಮಾರೆಮ್ಮ ಬಗ್ಗಿ ನೋಡಿದಳು. ಕಾದಳು. ಮತ್ತೆ ನೋಡಿದಳು. "ಹೋದ್ಸಲ ಚಲೋ ಮಾಡಿದ್ದಿ, ಈ ಸಲ ಕೆಡಿಸ್ಕೊಂಡು ಬಂದೀಯಲ್ಲ ತಾಯಿ!"

ಶಿವಮೂರ್ತಿಯವರು ವಿವರಿಸಿದರು, ನಾನು ವಾದಿಸಿದೆ. ಅವಳು ಜಪ್ಪಯ್ಯ ಅನ್ನಲಿಲ್ಲ. ನನಗಂತೂ ರೇಗಿಹೋಯಿತು, ಚಿಟಿಕೆ ಬಿಳಿ ಬಣ್ಣ ಹಾಕಿಬಿಡೇ, ಪೀಡೆ ಹೋಗಲಿ ಎಂದು ಮುಸರತ್ ಕಿವಿಯಲ್ಲಿ ಅಂದೆ. ಅವಳು ಕೇಳದವಳಂತೆ ಮಾರೆಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಅರ್ಧ ಹಿಂಡಿಗೆ ನೀವು ನಂಬೋ ಪೇಟೆಯ ಬಿಳೀ ಔಷಧಿ. ಅರ್ಧಕ್ಕೆ ನಂದು. ಯಾವುದಕ್ಕೆ ಯಾವುದು ಅಂತ ಡಾಕ್ಟ್ರು ಚೀಟಿ ಎತ್ತಲಿ, ನಾನೂ ಆರಿಸಲ್ಲ, ನೀವೂ ಆರಿಸಬ್ಯಾಡ್ರಿ. ನಂದು ಬರೀ ನೀರಾದ್ರೆ ಹಿಕ್ಕೆ ಹೇಳ್ತೈತೆ. ಆಮೇಲೆ ಈ ರೊಪ್ಪಕ್ಕೆ ನಾನು ಕಾಲಿಡಲ್ಲ."

"ಮರಿ ಸತ್ರೆ?"

"ಡಾಕ್ಟ್ರು ದಿನಾ ಬಂದು ನೋಡ್ತಾರೆ. ಸೋತದ್ದು ಕಂಡ್ರೆ ಅವತ್ತೇ ನಿಮ್ಮ ಬಿಳೀ ಔಷಧಿ ಹಾಕ್ತಾರೆ. ನಾ ತಡೆಯಲ್ಲ."

ಮಾರೆಮ್ಮ ಅವಳ ಮುಖವನ್ನೇ ನೋಡಿದಳು. "ಹೋದ್ಸಲ ಊರೇ ಹೊಗಳಿದ್ರೂ ಕೆಟ್ಟೈತೆ ಅಂದಿದ್ದಿ. ಸುಳ್ಳು ಹೇಳಾಕೆ ಬರಲ್ಲ ನಿಂಗೆ. ಕುಡ್ಸು ಹೋಗು" ಅಂದಳು. ಅಂದರೆ ನಾನು ಬೈದಿದ್ದೆನಲ್ಲ, ಮುಸರತ್‌ಳ ಆ ಬೆಪ್ಪುತನವೇ ಅವಳನ್ನು ಕಾಪಾಡಿತು.

ಚೀಟಿ ಎತ್ತಿದರು, ಕಿವಿಗೆ ಬಣ್ಣದ ಗುರುತು ಹಾಕಿದರು. ಬಿಳೀ ಔಷಧಿಯನ್ನು ಮಾರೆಮ್ಮ ತನ್ನ ರೂಢಿಯಂತೆಯೇ ಒಂದೇ ಸಲ ಅಲ್ಲಾಡಿಸಿ ಕುಡಿಸಿದಳು, ಮುಸರತ್ ತನ್ನದನ್ನು ಕುಡಿಸಿದಳು. ಎರಡು ವಾರದ ನಂತರ ಕುರಿಗಳ ಹಿಕ್ಕೆ ಡಬ್ಬಿಗಳಲ್ಲಿ ಬಂತು. ಅದರಲ್ಲಿ ಹುಳುವಿನ ಮೊಟ್ಟೆ ಎಷ್ಟಿದೆ ಎಂದು ಮೈಕ್ರೋಸ್ಕೋಪಿನಲ್ಲಿ ಎಣಿಸಬೇಕು. ಮುಸರತ್ ತಾನು ಎಣಿಸುವುದಿಲ್ಲ ಅಂದಳು. "ನನ್ನ ಕಣ್ಣಿಗೆ ಆಸೆ ಐತೆ ಅಕ್ಕ. ಇದ್ದದ್ದನ್ನೂ ಇಲ್ಲ ಅಂದುಬಿಡ್ತೈತೆ." ಹಾಗಾಗಿ ಯಾವ ಡಬ್ಬಿ ಯಾರದೆಂದು ತಿಳಿಯದ ನಾನು ಎಣಿಸಲು ಕೂತೆ. ಅವಳು ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು, ಚಪ್ಪಲಿಯ ಸದ್ದು ಕೇಳುತ್ತಿತ್ತು.

ಕೆಲವು ಡಬ್ಬಿಗಳಲ್ಲಿ ಮೊಟ್ಟೆಗಳು ಮಂಡಕ್ಕಿ ಚೆಲ್ಲಿದಂತೆ ಇದ್ದವು. ಕೆಲವುಗಳಲ್ಲಿ ಅಲ್ಲೊಂದು ಇಲ್ಲೊಂದು. ಇನ್ನು ಕೆಲವುಗಳಲ್ಲಿ ಎಷ್ಟು ಹುಡುಕಿದರೂ ಏನೂ ಇಲ್ಲ, ಬರೀ ಬೆಳಕು. ಶಿವಮೂರ್ತಿಯವರಿಗೆ ಫೋನ್ ಮಾಡಿ ಗುರುತು ಕೇಳಿದೆ. ಏನೂ ಇಲ್ಲದವೆಲ್ಲ ಹೆಚ್ಚುಕಮ್ಮಿ ಮುಸರತ್ ಔಷಧಿಯವು, ಮೊದಲು ಹಿಡಿದ ಬಡಕಲು ಮರಿಗಳೂ ಸೇರಿ. ಮೊಟ್ಟೆ ತುಂಬಿದ್ದವು ಬಿಳೀ ಔಷಧಿಯ ತೆಳುನೀರು ಕುಡಿದ ಮೊದಮೊದಲ ಮರಿಗಳವು. ನಾನು ಬಾಗಿಲು ತೆರೆದು ಕಾರಿಡಾರಿಗೆ ಕೂಗಿ ಹೇಳಿದೆ. ಮುಸರತ್ ಒಳಗೆ ಬಂದು, "ಇನ್ನೊಂದ್ಸಲ ಎಣಿಸ್ರಿ" ಅಂದಳು! ಬೈಯುತ್ತಲೇ ಎಣಿಸಿದೆ. ಏನೂ ಕಾಣದ ಗಾಜನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಆ ಭಾನುವಾರವೇ ಮಾಯಕೊಂಡಕ್ಕೆ ಹೋದೆವು. ಎಲ್ಲರಿಗೂ ಅರ್ಥವಾಗುವಂತೆ ಹೇಗೆ ಹೇಳಬೇಕು ಎಂದು ಮುಸರತ್ ಬಸ್ಸಿನಲ್ಲಿ ಪಾಠ ಮಾಡಿಕೊಂಡಿದ್ದಳು. ಹೇಳುವ ಕೆಲಸ ಬೀಳಲಿಲ್ಲ. ಡಾಕ್ಟರು ಮೊದಲೇ ಹೇಳಿದ್ದರು, ಮಾರೆಮ್ಮ ರೊಪ್ಪದ ಬಾಗಿಲಲ್ಲೇ ಕಾಯುತ್ತಿದ್ದಳು. ನಮ್ಮನ್ನು ಕೂರಿಸಲೂ ಇಲ್ಲ, ಟೀ ಮಾತೂ ಇಲ್ಲ.

"ನಿನ್ನ ನೀರು ತಂದೀಯೇನು?"

"ತಂದೀನಿ ಅಮ್ಮ." ಸಮಿತಿಯ ಅನುಮತಿ ಇಡೀ ಹಿಂಡಿಗೇ ಇದ್ದುದರಿಂದ ಉಳಿದ ಅರ್ಧಕ್ಕೂ ಕೊಡಬಹುದಿತ್ತು.

ಮಾರೆಮ್ಮ ರೊಪ್ಪದೊಳಗೆ ಹೋದಳು. ಓಡುವ ಕುರಿಗಳ ನಡುವೆ ಓಡಲಾರದೆ ಬೇಲಿಗೆ ಒರಗಿ ನಿಂತಿದ್ದ ಮರಿಯೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಗದ್ದ ಬಾತಿತ್ತು, ಕಣ್ಣು ಬಿಳಿಚಿಕೊಂಡಿತ್ತು. ಬಿಳೀ ಔಷಧಿಯ ಪಾಲಿಗೆ ಬಿದ್ದದ್ದು ಅದು.

"ಈ ಮರಿ ಉಳಿಯಲ್ಲ ಅಂತ ಇಷ್ಟು ದಿನ ಇದನ್ನ ನೋಡಾಕೇ ಹೋಗ್ತಿರ್ಲಿಲ್ಲ ನಾನು" ಎನ್ನುವಾಗ ಆ ಚಾಟಿ ನಾಲಗೆ ತಡವರಿಸಿತು. ಮರಿಯನ್ನು ಮುಸರತ್ ಮಡಿಲಿಗೆ ಹಾಕಿ ಅದರ ಬಾಯಿ ಬಿಡಿಸಿ ಹಿಡಿದಳು. "ಇದಕ್ಕೇ ಮೊದ್ಲು ಹಾಕವ್ವ."

ಮುಸರತ್ ಸಿರಿಂಜು ತುಂಬಿದಳು. ಅವಳ ಕಣ್ಣು ಮಂಜಾಗಿತ್ತು, ನನ್ನದೂ. ಮರಿ ಗುಟುಕರಿಸಿ, ತಲೆ ಕೊಡವಿ, ಅವಳ ದುಪಟ್ಟಾ ಅಂಚನ್ನು ಬಾಯಿಗೆ ಹಾಕಿಕೊಂಡು ಜಗಿಯತೊಡಗಿತು.